ಕೈಗೆ ಸರಿಯಾಗಿದ್ದ ನೀರು

ಅವಳನ್ನು ಎಲ್ಲರೂ ನೀರಕ್ಕ ಎಂದೇ ಕರೆಯುತ್ತಿದ್ದರು. ನಮ್ಮ ಚರ್ಚಿನ ಸಭೆಯವರು ನಡೆಸುವ ಆರೈಕೆಯ ಮನೆಯಲ್ಲಿ ಹಾಸಿಗೆ ಹಿಡಿದವರಿಗೆ ಸ್ನಾನ ಮಾಡಿಸುವುದು ಅವಳ ಕೆಲಸ. ಪಕ್ಕದ ಬಟ್ಟೆಕೋಣೆಯಲ್ಲಿ ಹರಿದ ಹಾಸುಗಳನ್ನು ಹೊಲಿಯುವುದು ನನ್ನ ಕೆಲಸ. ನಡುವೆ ಇದ್ದದ್ದು ಒಂದು ತೆಳು ಗೋಡೆ. ಅವಳು ಮಗ್ಗಿನಿಂದ ನೀರು ಸುರಿಯುವುದು, ರೋಗಿಗಳೊಡನೆ ಆಡುವ ಮಾತು, ಅವರ ಗೊಣಗಾಟ, ನಗು, ಎಲ್ಲವೂ ನನ್ನ ಹೊಲಿಗೆ ಯಂತ್ರದ ಸದ್ದಿನೊಳಗೆ ಬೆರೆತು ಕೇಳಿಸುತ್ತಿತ್ತು. ಮಿಕ್ಕದ್ದನ್ನು ಆಮೇಲೆ ಅವಳೇ ಬಂದು ಹೇಳಿದಳು. ಕೂತು ಹೇಳಿದಳು ಎನ್ನಲಾರೆ. ನಿಂತೇ ಹೇಳುವಳು, ಹೇಳುತ್ತಾ ಹೇಳುತ್ತಾ ನಾನು ಮಡಿಸಿಟ್ಟ ಹಾಸುಗಳನ್ನು ಬಿಚ್ಚಿ ಮತ್ತೆ ಮಡಿಸುವಳು.

ಸ್ನಾನ ಮಾಡಿಸುವುದೆಂದರೆ ನೀರು ಹುಯ್ಯುವುದಷ್ಟೇ ಅಲ್ಲ. ಮೈ ತನ್ನ ಮಾತು ಕೇಳದವರಿಗೆ ಮೊದಲು ನಾಚಿಕೆಯಾಗುತ್ತದೆ, ಆಮೇಲೆ ಚಳಿಯಾಗುತ್ತದೆ. ನೀರಕ್ಕ ನಾಚಿಕೆಯನ್ನು ಮೊದಲು ನೋಡಿಕೊಳ್ಳುವಳು. ದೊಡ್ಡ ಟವೆಲೊಂದನ್ನು ಮೈಮೇಲೆ ಹೊದಿಸಿ, ಅದರ ಅಡಿಯಲ್ಲೇ ಸೋಪು ಹಚ್ಚಿ, ಅದರ ಅಡಿಯಲ್ಲೇ ತೊಳೆದು, ಒಣ ಟವೆಲನ್ನು ಮೇಲಿನಿಂದ ಜಾರಿಸುತ್ತಾ ಒದ್ದೆಯದನ್ನು ಕೆಳಗಿನಿಂದ ಎಳೆದುಬಿಡುವಳು. ಎಲ್ಲಿ ಮುಟ್ಟುವುದಿದ್ದರೂ ಮೊದಲು ಹೇಳುವಳು. ಈಗ ಬೆನ್ನು ಅಜ್ಜ, ಈಗ ಎಡಗೈ. ಯಾರೂ ಬೇಡವೆಂದು ಗೋಡೆಗೆ ಮುಖ ಮಾಡಿ ಮಲಗಿದವರೂ ಅವಳ ಹೆಜ್ಜೆ ಕೇಳಿದರೆ ಇತ್ತ ಹೊರಳುತ್ತಿದ್ದರು.

ಬಿಸಿನೀರು ಬರುತ್ತಿದ್ದದ್ದು ಅಂಗಳದ ಇಳಿಜಾರಿನ ಕೆಳಗಿದ್ದ ಬಾಯ್ಲರ್ ಮನೆಯಿಂದ. ಅಲ್ಲಿ ಸೌದೆ ಒಟ್ಟಿ ನೀರು ಕಾಯಿಸುವವನು ಬೆಂಕಿಯಣ್ಣ. ಬಾಯ್ಲರಿನ ಹಿಂದೆಯೇ ಅವನಿಗೊಂದು ಕೋಣೆ. ಮನೆ ಅಂತ ಅವನಿಗೆ ಇದ್ದದ್ದು ಅಷ್ಟೇ. ಅವನು ಬಕೆಟ್ಟುಗಳಲ್ಲಿ ಬಿಸಿನೀರು ತಂದು ಸ್ನಾನದ ಕೋಣೆಯ ಹೊಸ್ತಿಲಲ್ಲಿ ಇಡುವನು. ನೀರಕ್ಕ ಅದಕ್ಕೆ ನಲ್ಲಿಯ ತಣ್ಣೀರು ಬೆರೆಸಿ ಹದ ಮಾಡುವಳು. ಹದ ನೋಡಲು ಮೊಣಕೈಯ ಒಳಮಗ್ಗುಲನ್ನು ನೀರಿಗೆ ಅದ್ದಬೇಕೆಂದು ಕೆಲಸಕ್ಕೆ ಸೇರಿದ ದಿನವೇ ಹೇಳಿಕೊಡುತ್ತಾರೆ. ಅಲ್ಲಿಯ ಚರ್ಮ ತೆಳುವು. ನೀರಕ್ಕ ಅದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು. ಅವಳು ಅಂಗೈ ಅದ್ದುವಳು, ಸರಿ ಎನ್ನುವಳು, ಅದು ಸರಿಯೇ ಆಗಿರುತ್ತಿತ್ತು. ನೀರಕ್ಕನ ಕೈ ತಗುಲಿದರೆ ಸಾಕು, ನೀರಿಗೇ ಹದ ಗೊತ್ತಾಗುತ್ತದೆ ಎಂದು ಅಡುಗೆಯವರೂ ಆಡಿಕೊಳ್ಳುತ್ತಿದ್ದರು. ಅವಳಿಗೆ ಅದು ಇಷ್ಟವಾದ ಮಾತು. ಇಷ್ಟವಿಲ್ಲವೆಂಬಂತೆ ತಲೆ ಅಲ್ಲಾಡಿಸುವಳು, ಅದೂ ಅವಳಿಗೆ ಇಷ್ಟವೇ.

ಒಗೆಯುವ ಸೋಡಾ, ಸೋಪು, ಬಿಸಿನೀರು ಸೇರಿ ಆ ಕೈಯನ್ನು ಏನು ಮಾಡಿದ್ದವು ಎಂದು ಯಾರೂ ಯೋಚಿಸಿರಲಿಲ್ಲ. ಮನೆಯಲ್ಲಿ ಒಲೆಯ ಮೇಲಿನ ಪಾತ್ರೆಯನ್ನು ಅವಳು ಬಟ್ಟೆ ಹಿಡಿಯದೆ ಇಳಿಸುತ್ತಿದ್ದಳು. ಗಂಡ ಕ್ಷೌರದವನು. ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ಬಂದ ಗಿರಾಕಿಗಳಿಗೆಲ್ಲ ಅವನು ಹೆಂಡತಿಯ ಕೈ ತೋರಿಸುತ್ತಿದ್ದ. "ಇವಳನ್ನ ಕಟ್ಕೊಂಡ ಮೇಲೆ ನಮ್ಮನೇಲಿ ಇಕ್ಕಳ ಕೊಂಡಿಲ್ಲ ನೋಡಿ," ಎನ್ನುತ್ತಿದ್ದ.

ಹಾಸಿಗೆ ಹಿಡಿದವರಲ್ಲಿ ಕಂಡಕ್ಟರಮ್ಮ ಎಂಬಾಕೆ ಇದ್ದರು. ಬಸ್ಸಿನಲ್ಲಿ ಟಿಕೆಟ್ ಹರಿದು ಮುಪ್ಪಾದವರು. ಬಸ್ಸಿನ ಮೆಟ್ಟಿಲಿಂದಲೇ ಬಿದ್ದು ಸೊಂಟದ ಕೆಳಗೆ ಸ್ಪರ್ಶ ಹೋಗಿತ್ತು. ಸ್ವರ ಮಾತ್ರ ಹಿಂದಿನ ಸೀಟಿನವರೆಗೂ ತಲುಪುವಂಥದ್ದು. "ಈ ಕಾಲುಗಳು ಪುಕ್ಕಟೆ ಪ್ರಯಾಣಿಕರು ಕಣೇ," ಎಂದು ಅವರು ನೀರಕ್ಕನಿಗೆ ಹೇಳುತ್ತಿದ್ದರು. "ಟಿಕೆಟ್ ಇಲ್ಲ, ಮಾತಿಲ್ಲ, ನಾನು ಹೋದಲ್ಲೆಲ್ಲ ಬರ್ತಾವೆ."

ಆ ಶನಿವಾರ ಅವರ ಉಗುರು ಕತ್ತರಿಸುವುದಿತ್ತು. ಅದಕ್ಕೆ ಮೊದಲು ಪಾದಗಳನ್ನು ಬಿಸಿನೀರಿನ ಟಬ್ಬಿನಲ್ಲಿ ನೆನೆಸಿಡಬೇಕು. ನೀರಕ್ಕ ನೀರು ಬೆರೆಸಿದಳು, ಕೈ ಅದ್ದಿದಳು, ಸರಿ ಎಂದಳು, ಪಾದಗಳನ್ನು ಒಂದೊಂದಾಗಿ ಎತ್ತಿ ಇಳಿಸಿದಳು. ಕಂಡಕ್ಟರಮ್ಮ ಯಾರೋ ಕೋಳಿಗೂ ಅರ್ಧ ಟಿಕೆಟ್ ಕೇಳಿದ ಕಥೆ ತೆಗೆದರು. ನಡುವೆ ಬೆಂಕಿಯಣ್ಣ ಇನ್ನೊಂದು ಬಕೆಟ್ ತಂದ. ಎರಡೂ ಕೈಯಲ್ಲಿ ಬಕೆಟ್ ಹಿಡಿದು ಬಾಗಿಲಾಚೆಯೇ ನಿಂತು, ಬಸ್ಸು ಇವತ್ತು ಕೊಳದಲ್ಲಿ ನಿಂತಿದೆಯೇ ಎಂದು ಕೇಳಿದ. ಕಂಡಕ್ಟರಮ್ಮ ಅವನಿಗೆ ತಕ್ಕ ಉತ್ತರ ಕೊಟ್ಟರು. ಅವನು ಬಕೆಟ್ಟನ್ನು ಹೊಸ್ತಿಲ ಹೊರಗಿಟ್ಟು ನಗುತ್ತಾ ಇಳಿಜಾರಿನಲ್ಲಿ ಹೊರಟುಹೋದ.

ಪಾದಗಳನ್ನು ಹೊರತೆಗೆದಾಗ ಕೆಂಪಾಗಿದ್ದವು. ರಕ್ತ ಚೆನ್ನಾಗಿ ಓಡುತ್ತಿದೆ ಎಂದುಕೊಂಡು ನೀರಕ್ಕ ಖುಷಿಪಟ್ಟಳು. ಸಂಜೆಯ ಹೊತ್ತಿಗೆ ಎರಡೂ ಪಾದಗಳ ಮೇಲೆ ನೀರುಗುಳ್ಳೆಗಳು ಎದ್ದಿದ್ದವು, ಒಂದು ಹಿಮ್ಮಡಿಯ ತೊಗಲು ಸುಲಿದು ಬಂದಿತ್ತು. ಸ್ಪರ್ಶವಿಲ್ಲದ ಪಾದ ಒಮ್ಮೆ ಸುಟ್ಟರೆ ಬೇಗ ಮಾಯುವುದಿಲ್ಲ. ಡಾಕ್ಟರು ಬಂದು ನೋಡಿ, ನಂಜಾಗದಿದ್ದರೆ ಪುಣ್ಯ ಎಂದು ಹೇಳಿಹೋದರು.

ಮನೆಯ ಉಸ್ತುವಾರಿ ನೋಡುವ ಮೇಡಂ ಮರುದಿನ ಇಬ್ಬರನ್ನೂ ಕರೆಸಿದರು. ಬೆಂಕಿಯಣ್ಣನಿಗೊಂದು ಅಭ್ಯಾಸವಿತ್ತು. ಟಬ್ಬಿನ ನೀರು ಆರಿದಂತೆ ಕಂಡರೆ, ಯಾರೂ ಕೇಳದಿದ್ದರೂ, ತಾನೇ ಒಳಗೆ ಬಂದು ಒಂದಿಷ್ಟು ಬಿಸಿ ಸುರಿಯುವನು. ಒಳ್ಳೆಯ ಮನಸ್ಸಿನಿಂದಲೇ ಮಾಡುವನು. ಹಾಗೆ ಮಾಡಬೇಡವೆಂದು ಮೇಡಂ ಹಿಂದೊಮ್ಮೆ ಗದರಿದ್ದರು. ಈಗ ಅವರು ಕೇಳಿದ್ದು ಅದನ್ನೇ.

ಅವನು ತನ್ನ ಕೈಗಳನ್ನೇ ನೋಡಿಕೊಂಡ. "ಹಾಕಿದ ನೆನಪಿಲ್ಲ ಮೇಡಂ," ಎಂದ. "ಹಾಕಿಲ್ಲ ಅಂತ ಗಟ್ಟಿಯಾಗಿ ಹೇಳೋಕೂ ಆಗ್ತಿಲ್ಲ. ಕೈಗೆ ಅಭ್ಯಾಸ ಆಗಿಬಿಟ್ಟಿದೆ. ಹಾಕಿದ್ರೂ ಹಾಕಿರಬಹುದು."

ಕುಂಬಳಕಾಯಿ ಕಳ್ಳ ಎಂದರೆ ಕದ್ದವನು ಹೆಗಲು ಮುಟ್ಟಿ ನೋಡಿಕೊಂಡನಂತೆ. ಕದಿಯದೆಯೂ ಹೆಗಲು ಮುಟ್ಟಿ ನೋಡಿಕೊಳ್ಳುವ ಜನವೂ ಲೋಕದಲ್ಲಿದೆ. ಬೆಂಕಿಯಣ್ಣ ಅಂಥವನು.

ಮೇಡಂ ನೀರಕ್ಕನ ಕಡೆ ತಿರುಗಿದರು. "ನೀನು ಕೈ ಹಾಕಿ ನೋಡಿದ್ಯಲ್ಲ?"

"ನೋಡಿದೆ ಮೇಡಂ. ಕೈಗೆ ಸರಿಯಾಗೇ ಇತ್ತು."

ಅದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಹಾಗಾದರೆ ಆಮೇಲೆ ಬಿಸಿ ಬಿದ್ದಿದೆ ಎಂದು ಮೇಡಂ ತೀರ್ಮಾನಿಸಿದರು. ಅಲ್ಲಿ ಒಂದು ಮಾತು ಸಾಕಿತ್ತು: ಅವನು ಹೊಸ್ತಿಲು ದಾಟಲಿಲ್ಲ. ನೀರಕ್ಕನಿಗೆ ಅದು ಗೊತ್ತಿತ್ತು. ಬಾಯಿ ತೆರೆಯುವಷ್ಟರಲ್ಲಿ ಮೇಡಂ ಬೇರೆ ಮಾತಿಗೆ ಹೋಗಿದ್ದರು, ಬೆಂಕಿಯಣ್ಣ ತಲೆ ತಗ್ಗಿಸಿದ್ದ. ತೆರೆದ ಬಾಯಿ ಹಾಗೇ ಮುಚ್ಚಿತು. ಅವನ ಜಾಗಕ್ಕೆ ಹೊಸಬರು ಸಿಗುವ ತನಕ ಅವನು ಇರಬಹುದು, ಆಮೇಲೆ ಕೋಣೆ ಖಾಲಿ ಮಾಡಬೇಕು ಎಂದಾಯಿತು.

ಕಂಡಕ್ಟರಮ್ಮನ ಚರ್ಮವೇ ಮೆತ್ತಗಿರಬೇಕು, ಬೇರೆ ಯಾರಿಗೂ ಹೀಗಾಗಿಲ್ಲವಲ್ಲ ಎಂದು ನೀರಕ್ಕ ತನಗೆ ತಾನೇ ಹೇಳಿಕೊಂಡು ಮನೆಗೆ ಹೋದಳು. ಆ ಸಮಾಧಾನ ಬಹಳ ದಿನ ಬಾಳಲಿಲ್ಲ. ಒಂದು ಬೆಳಿಗ್ಗೆ ಅವಳು ಗಂಡನ ಅಂಗಡಿಗೆ ಬಿಸಿನೀರಿನ ಬಟ್ಟಲು ತಂದಿಟ್ಟಳು. ಬೆರಳಾಡಿಸಿ, ಹದವಾಗಿದೆ ಎಂದಳು. ಅವನು ಟವೆಲ್ ಅದ್ದಿ ಹಿಂಡಿ, ಗಿರಾಕಿಯ ಮುಖಕ್ಕೆ ಹಾಕುವ ಮೊದಲು ಎಂದಿನಂತೆ ತನ್ನ ಕೆನ್ನೆಗೆ ಒತ್ತಿ ನೋಡಿ ಹೌಹಾರಿದ. "ಏನೇ, ನಾನು ಗಡ್ಡ ತೆಗೀಲೋ, ತೊಗಲು ತೆಗೀಲೋ?" ಎಂದ. ಕುರ್ಚಿಯಲ್ಲಿದ್ದ ಗಿರಾಕಿ ನಕ್ಕ. ಅವಳು ಬಟ್ಟಲನ್ನು ಹಿತ್ತಲಿಗೆ ಒಯ್ದು ಮೊಣಕೈ ಅದ್ದಿದಳು. ಚುರುಕ್ಕೆಂದು ಎಳೆದುಕೊಂಡಳು. ಆಮೇಲೆ ಅದೇ ನೀರಿಗೆ ಅಂಗೈ ಅದ್ದಿ ಹಾಗೇ ಹಿಡಿದಳು. ಬೆಚ್ಚಗಿತ್ತು. ಅಷ್ಟೇ. ಹಿತವಾಗಿತ್ತು.

ಕಂಡಕ್ಟರಮ್ಮನ ಕಾಲಿಗೆ ಸ್ಪರ್ಶವಿರಲಿಲ್ಲ, ಅದು ಊರಿಗೆಲ್ಲ ಗೊತ್ತಿತ್ತು. ತನ್ನ ಕೈಗೂ ಇಲ್ಲವೆಂದು ಈಗ ನೀರಕ್ಕನಿಗೊಬ್ಬಳಿಗೆ ಗೊತ್ತಾಯಿತು.

ಅಂದಿನಿಂದ ಅವಳು ನಿಂತಲ್ಲಿ ನಿಲ್ಲಲಿಲ್ಲ, ಕೂತಲ್ಲಿ ಕೂರಲಿಲ್ಲ. ಸ್ನಾನದ ಕೋಣೆಯಲ್ಲಿ ಯಾರೂ ನೋಡದಂತೆ ಮೊಣಕೈ ಅದ್ದಿ ಹದ ನೋಡತೊಡಗಿದಳು. ನೋಡಿದ ಮೇಲೂ ನಂಬಿಕೆ ಬಾರದೆ ಇನ್ನಷ್ಟು ತಣ್ಣೀರು ಬೆರೆಸುವಳು. ಚಳಿ ಚಳಿ ಎಂದು ಅಜ್ಜಂದಿರು ಗೊಣಗುವುದು ಗೋಡೆಯಾಚೆಯಿಂದ ನನಗೆ ಕೇಳುತ್ತಿತ್ತು. ತನ್ನ ಕೆಲಸ ಮುಗಿಸಿ ಇತರರ ಕೆಲಸಕ್ಕೆ ಕೈ ಹಾಕಿದಳು. ಬೆಡ್‌ಪ್ಯಾನ್ ತೊಳೆಯುವ ಸರದಿ ಯಾರದಾದರೂ ಅವಳೇ ತೊಳೆದಳು. ಕಿಟಕಿಯ ಗಾಜುಗಳನ್ನು ಉಜ್ಜಿದಳು. ಪ್ರಾರ್ಥನಾಲಯದ ಬೆಂಚುಗಳನ್ನು ತಿರುಗಿಸಿ ಅವುಗಳ ಅಡಿಯನ್ನೂ ಒರೆಸಿದಳು. ಕಂಡಕ್ಟರಮ್ಮನ ಪಾದಕ್ಕೆ ಬ್ಯಾಂಡೇಜು ಬದಲಿಸುವಾಗ ನರ್ಸಮ್ಮನಿಗಿಂತ ಮೊದಲೇ ಹೋಗಿ ಬಟ್ಟಲು ಹಿಡಿದು ನಿಲ್ಲುವಳು. ಮನೆಯಲ್ಲಿಯೂ ಅದೇ ಗತಿ. ಅತ್ತೆ ಮಂಚದ ಮೇಲಿಂದಲೇ ನೋಡಿ ನೋಡಿ ಸಾಕಾಗಿ, "ಸಾಕು ಮಾಡೇ ತಾಯಿ, ಇನ್ನೊಂದು ಸಲ ಉಜ್ಜಿದ್ರೆ ನೆಲ ತೂತಾಗಿ ಪಾತಾಳ ಕಾಣುತ್ತೆ," ಎಂದರಂತೆ.

ಹೇಳಿಬಿಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಹೇಳಿದರೆ ಸ್ನಾನದ ಕೋಣೆಯಿಂದ ಅವಳನ್ನು ತೆಗೆಯುತ್ತಾರೆ. ಆ ಕೋಣೆ ಬಿಟ್ಟರೆ ತಾನು ಯಾರು ಎಂಬುದು ಅವಳಿಗೆ ಗೊತ್ತಿರಲಿಲ್ಲ. ಹೆಸರೇ ನೀರಕ್ಕ ಆಗಿಹೋಗಿತ್ತು. ಇತ್ತ ಹೊಸಬನನ್ನು ಹುಡುಕುವ ಕೆಲಸ ನಡೆದೇ ಇತ್ತು. ಅಂಗಳದಲ್ಲಿ ಅಪರಿಚಿತರು ಯಾರಾದರೂ ಕಂಡರೆ, ಬಾಯ್ಲರ್ ಮನೆ ನೋಡಲು ಬಂದವನೇ ಇರಬೇಕೆಂದು ಅವಳು ಕೈಯ ಕೆಲಸ ಬಿಟ್ಟು ಬಾಗಿಲಿಗೆ ಓಡುತ್ತಿದ್ದಳು.

ಪ್ರಾರ್ಥನೆಯಲ್ಲಿ ದೇವರಿಗೆ ಹೇಳಿಕೊಂಡಿದ್ದೇನೆ ಎಂದು ಅವಳು ಆಗ ನಂಬಿದ್ದಳು. ದೇವರಿಗೆ ಹೇಳುವುದು ಸುಲಭ. ಆತನಿಗೆ ಮೊದಲೇ ಗೊತ್ತು, ಆತನ ಮುಖ ಬಾಡುವುದನ್ನು ನಾವು ನೋಡಬೇಕಾಗಿಲ್ಲ. ಬುಧವಾರದ ಪ್ರಾರ್ಥನೆಯ ಕೂಟದಲ್ಲಿ, ಒಬ್ಬೊಬ್ಬರಾಗಿ ಎದ್ದು ಎಲ್ಲರ ಮುಂದೆ ತಮ್ಮ ಸಾಕ್ಷಿ ಹೇಳುವ ಹೊತ್ತಿಗೆ ಅವಳು ಎದ್ದು ನಿಂತಳು. ಈ ಸಲ ಹೇಳಿಯೇ ತೀರುವೆನೆಂದು ಎದ್ದಿದ್ದಳು. ನಾನು ಪಾಪಿ, ನನ್ನ ಸೇವೆಯಲ್ಲಿ ಕೊರತೆಯಿದೆ, ನನ್ನಿಂದ ಬೇರೆಯವರಿಗೆ ನೋವಾಗಿದೆ, ನನಗಾಗಿ ಪ್ರಾರ್ಥಿಸಿ ಎಂದಳು. ಅಷ್ಟು ಹೇಳಿ ಮುಂದಿನ ಮಾತಿಗೆ ಉಸಿರು ಎಳೆದುಕೊಳ್ಳುವಷ್ಟರಲ್ಲಿ ಎಲ್ಲರೂ ಆಮೆನ್ ಎಂದರು. ಪಕ್ಕದಲ್ಲಿದ್ದವಳು ಕಣ್ಣೊರೆಸಿಕೊಂಡಳು. ಎಂಥ ತಗ್ಗಿದ ಮನಸ್ಸು ಎಂದು ಹಿಂದಿನವರು ಪಿಸುಗುಟ್ಟಿದರು. ನೀರಕ್ಕ ಕೂತುಬಿಟ್ಟಳು.

ಅದರ ಮುಂದಿನ ಭಾನುವಾರ ಪಾದ್ರಿ ಅಯ್ಯನವರು, ಕರ್ತನು ಸೊಂಟಕ್ಕೆ ಟವೆಲ್ ಸುತ್ತಿಕೊಂಡು ಶಿಷ್ಯರ ಕಾಲು ತೊಳೆದ ಭಾಗದ ಮೇಲೆ ಪ್ರಸಂಗ ಮಾಡಿದರು. ಕಾಲು ತೊಳೆಯುವುದೆಂದರೇನೆಂದು ದೂರ ಹುಡುಕಬೇಡಿ, ನಮ್ಮ ನಡುವೆಯೇ ಒಬ್ಬ ಸಹೋದರಿ ಇದ್ದಾಳೆ ಎಂದರು. ಹೆಸರು ಹೇಳಲಿಲ್ಲ. ಹೇಳುವ ಅಗತ್ಯವಿರಲಿಲ್ಲ, ಎಲ್ಲರ ತಲೆಯೂ ಅವಳ ಕಡೆ ತಿರುಗಿತ್ತು. ಬೆಂಕಿಯಣ್ಣನದೂ. ಅವನ ಮುಖದಲ್ಲಿ ನಿಜವಾದ ಸಂತೋಷವಿತ್ತು. ಹಾಡು ಶುರುವಾದೊಡನೆ ಅವಳು ಹೊರಗೆ ಹೋದಳು. ಗೋಡೆ ಹಿಡಿದುಕೊಂಡು ವಾಂತಿ ಮಾಡಿದಳು. ಆಮೇಲೆ ಪೊರಕೆ ನೀರು ತಂದು ಅದನ್ನೂ ತೊಳೆದಳು.

ಮರುದಿನ ಅವಳು ಇಳಿಜಾರು ಇಳಿದು ಬಾಯ್ಲರ್ ಮನೆಗೆ ಹೋದಳು. ಅದು ಮೊದಲ ಸಲವಲ್ಲ. ಹಿಂದೆ ಬಂದಾಗಲೆಲ್ಲ ಅವನ ಪಾತ್ರೆಗಳನ್ನು ಉಜ್ಜಿಟ್ಟು ಹಿಂತಿರುಗಿದ್ದಳು. ಅವತ್ತೂ ಕೈ ಪಾತ್ರೆಯತ್ತಲೇ ಹೋಯಿತು. ಬೆಂಕಿಯಣ್ಣ ಸೌದೆ ಒಟ್ಟುತ್ತಾ ಅವಳನ್ನು ನೋಡಿದ.

"ಅಕ್ಕ, ಏನೋ ಹೇಳೋಕೆ ಬರ್ತೀಯ, ಪಾತ್ರೆ ಉಜ್ಜಿ ಹೋಗ್ತೀಯ," ಎಂದ. "ಇರೋದೇ ಎರಡು ಪಾತ್ರೆ. ಸವೆದು ತಟ್ಟೆ ಆಗ್ತಿದೆ."

ಅವಳು ನಗಲಿಲ್ಲ. ಅವನು ತನ್ನ ಪಾಡಿಗೆ ಮಾತಾಡತೊಡಗಿದ. ಆ ದಿನದ ಬಗ್ಗೆ ಯೋಚಿಸಿ ಯೋಚಿಸಿ ಈಗ ನೆನಪಾಗಿದೆ ಎಂದ. ಬಕೆಟ್ ಹಿಡಿದು ಒಳಗೆ ಹೋದದ್ದು, ಟಬ್ಬಿನ ಅಂಚಿಗೆ ಸುರಿದದ್ದು, ಹಬೆ ಎದ್ದದ್ದು, ಎಲ್ಲ ಕಣ್ಣಿಗೆ ಕಟ್ಟಿದ ಹಾಗೆ ಕಾಣುತ್ತಿದೆ ಎಂದ. ಮೊದಲೇ ಯಾಕೆ ನೆನಪಾಗಲಿಲ್ಲವೋ, ಮನಸ್ಸು ಎಷ್ಟು ಕಳ್ಳ ನೋಡು ಎಂದ. ಇಷ್ಟಾದ ಮೇಲೆ ಸುಮ್ಮನಿರಬಾರದೆಂದು, ಭಾನುವಾರ ಪ್ರಸಂಗ ಕೇಳಿ ನೇರವಾಗಿ ಕಂಡಕ್ಟರಮ್ಮನ ಹಾಸಿಗೆಯ ಹತ್ತಿರ ಹೋಗಿ, ನನ್ನಿಂದಲೇ ಆಯಿತು, ಕ್ಷಮಿಸಿ ಎಂದು ಅತ್ತುಬಂದೆ ಎಂದ.

"ಬೈದ್ರು ಅಕ್ಕ. ಹೊಟ್ಟೆ ತುಂಬ ಬೈದ್ರು. ಬೈಸಿಕೊಂಡ ಮೇಲೆ ಹಗುರಾಯ್ತು. ನೀನು ಸಾಕ್ಷಿ ಹೇಳಿದ್ಯಲ್ಲ ಆವತ್ತು, ಅದನ್ನ ಕೇಳಿಯೇ ನಂಗೆ ಧೈರ್ಯ ಬಂದದ್ದು."

ನೀರಕ್ಕ ಪಾತ್ರೆಯನ್ನು ಕೆಳಗಿಟ್ಟಳು. ಅವನ ಕೆಲಸ ಹೋಗುವುದೊಂದೇ ಅವಳ ತಲೆಯಲ್ಲಿತ್ತು. ಆದರೆ ಅವಳ ಮೌನ ಅವನೊಳಗೆ ಇಳಿದು, ಅಲ್ಲಿ ಇಲ್ಲದ ಪಾಪವೊಂದನ್ನು ಬಿತ್ತಿ ಬೆಳೆಸಿತ್ತು. ಮಾಡದ ತಪ್ಪನ್ನು ಅವನು ಕಣ್ಣಾರೆ ಕಂಡಂತೆ ನೆನೆಯುತ್ತಿದ್ದ. ಅವಳು ಹೇಳದ ಅರಿಕೆಯನ್ನು ಅವನು ಹೇಳಿ ಮುಗಿಸಿದ್ದ.

ಅವಳು ಬಾಯಿ ತೆರೆದಳು. ಅಷ್ಟರಲ್ಲಿ ಬಾಯ್ಲರು ಸೀಟಿ ಹಾಕಿತು, ಅವನು ಓಡಿದ. ಈ ಸಲ ಮಾತ್ರ ಅವಳು ಮತ್ತೆ ಪಾತ್ರೆಗೆ ಕೈ ಹಾಕಲಿಲ್ಲ. ಸೋಪಿನ ಕೈಯಲ್ಲೇ ಇಳಿಜಾರು ಹತ್ತಿದಳು. ನನ್ನ ಕಿಟಕಿಯ ಮುಂದೆ ಹಾದುಹೋದದ್ದು ನನಗೆ ನೆನಪಿದೆ. ಕರೆದೆ, ಅವಳು ಕೇಳಿಸಿಕೊಳ್ಳಲಿಲ್ಲ.

ಕಂಡಕ್ಟರಮ್ಮನ ಬ್ಯಾಂಡೇಜು ಬದಲಿಸುವ ಹೊತ್ತು ಅದು. ನರ್ಸಮ್ಮ ಇರಲಿಲ್ಲವೆಂದು ಮೇಡಂ ಅವರೇ ಬಟ್ಟೆ ಬಿಚ್ಚುತ್ತಿದ್ದರು. ನೀರಕ್ಕ ಹಾಸಿಗೆಯ ಕಾಲುದೆಸೆಯಲ್ಲಿ ನಿಂತಳು. ಮಂಡಿಯೂರಬೇಕೆಂದು ಮೊದಲು ತೋರಿತಂತೆ. ಊರಿದರೆ ಮತ್ತೆ ನೆಲ ನೋಡುತ್ತೇನೆ ಎಂದುಕೊಂಡು ನಿಂತೇ ಹೇಳಿದಳು.

"ಕಾಲು ಸುಟ್ಟದ್ದು ನಾನು. ನನ್ನ ಕೈಗೆ ಬಿಸಿ ಗೊತ್ತಾಗಲ್ಲ. ಬೆಂಕಿಯಣ್ಣ ಒಳಗೇ ಬರಲಿಲ್ಲ, ಬಕೆಟ್ಟು ಹೊರಗಿಟ್ಟು ಹೋದ. ಮೇಡಂ ಕೇಳಿದಾಗ ನಂಗೆ ಅದು ಗೊತ್ತಿತ್ತು. ಹೇಳಲಿಲ್ಲ."

ಮೇಡಂ ಕೈಯಲ್ಲಿದ್ದ ಬಟ್ಟೆ ಹಾಗೇ ನಿಂತಿತು. ಕಂಡಕ್ಟರಮ್ಮ ಅವಳನ್ನು ನೋಡುತ್ತಲೇ ಇದ್ದರು. ಟಿಕೆಟ್ ಇಲ್ಲದೆ ಸಿಕ್ಕಿಬಿದ್ದವರನ್ನು ನೋಡುವ ನೋಟ ಅದು ಎಂದು ನೀರಕ್ಕ ನನಗೆ ಹೇಳಿದಳು.

"ಸುಟ್ಟದ್ದು ಇರಲಿ," ಎಂದರು ಕಂಡಕ್ಟರಮ್ಮ ಕೊನೆಗೆ. "ನಂಗೇನು ಉರೀಲಿಲ್ಲ, ಕಾಲಿಗೇ ಗೊತ್ತಿಲ್ಲ. ಅವನು ಇಲ್ಲಿ ನಿಂತು ಮಗು ಥರ ಅತ್ತ. ನಾನು ಬಾಯಿಗೆ ಬಂದದ್ದೆಲ್ಲ ಬೈದೆ. ಅವರಪ್ಪ ಅವರಮ್ಮನ್ನೂ ಬಿಡಲಿಲ್ಲ. ಆ ಬೈಗುಳ ಈಗ ಎಲ್ಲಿಗೆ ವಾಪಸ್ ತಗೊಂಡು ಹೋಗಲಿ, ಹೇಳು."

ನೀರಕ್ಕನ ಕೈ ಅಭ್ಯಾಸದಂತೆ ಬ್ಯಾಂಡೇಜಿನ ಕಡೆ ಹೋಯಿತು.

"ನನ್ನ ಕಾಲು ಮುಟ್ಟಬೇಡ ನೀನು," ಎಂದರು ಅವರು. "ಕ್ಷಮಿಸಿದೆ ಅಂತ ಈಗ ಹೇಳಿದ್ರೆ ಅದೂ ಒಂದು ಸುಳ್ಳಾಗುತ್ತೆ. ಇಬ್ಬರೂ ಸುಳ್ಳು ಹೇಳೋದು ಬೇಡ. ಹೋಗು."

ಮೇಡಂ ಕೂಗಾಡಲಿಲ್ಲ. ಹೊರಗೆ ಕರೆದು, ನಾಳೆಯಿಂದ ಸ್ನಾನದ ಕೋಣೆಗೆ ಹೋಗಬೇಡ ಎಂದರು. ಬೇರೆ ಕೆಲಸ ಏನೆಂದು ನೋಡೋಣ, ಇದೆಯೋ ಇಲ್ಲವೋ ಈಗಲೇ ಹೇಳಲಾರೆ ಎಂದರು. ಒಂದು ಮಾತು ಮಾತ್ರ ಕೇಳಿದರು: ಮೊದಲೇ ಯಾಕೆ ಹೇಳಲಿಲ್ಲ? "ಹೇಳೋ ಬದಲು ಕೆಲಸ ಮಾಡ್ತಿದ್ದೆ ಮೇಡಂ," ಎಂದಳು ನೀರಕ್ಕ. ಮೇಡಂಗೆ ಅದು ಅರ್ಥವಾಗಲಿಲ್ಲವೇನೋ. ನನಗೆ ಅರ್ಥವಾಗಿದೆ. ಬೇಡವೆಂದ ಹಣ್ಣು ತಿಂದು ತೋಟದ ಮರಗಳ ಹಿಂದೆ ಅವಿತುಕೊಂಡ ಮೊದಲ ಗಂಡು ಹೆಣ್ಣಿನಿಂದ ಹಿಡಿದು ನಾವೆಲ್ಲ ದೇವರ ಕಣ್ಣಿಗೆ ಅಡ್ಡವಾಗಿ ಏನಾದರೂ ಒಂದನ್ನು ಹಿಡಿದುಕೊಳ್ಳುತ್ತೇವೆ. ಕೆಲವರು ಕೆಟ್ಟದ್ದರ ಹಿಂದೆ ಅವಿತುಕೊಳ್ಳುತ್ತಾರೆ. ಒಳ್ಳೆಯ ಕೆಲಸದ ಹಿಂದೆ ಅವಿತವರನ್ನು ಹುಡುಕುವುದು ಕಷ್ಟ, ಯಾಕೆಂದರೆ ಅವರನ್ನು ಯಾರೂ ಹುಡುಕುವುದೇ ಇಲ್ಲ.

ಬೆಂಕಿಯಣ್ಣನಿಗೆ ಹೇಳುವುದು ಇನ್ನೂ ಕಷ್ಟವಾಯಿತು. ಅವನು ನಂಬಲೇ ಇಲ್ಲ. ಇಲ್ಲಕ್ಕ, ನನಗೆ ಚೆನ್ನಾಗಿ ನೆನಪಿದೆ, ನನ್ನನ್ನು ಉಳಿಸೋಕೆ ಹೀಗೆ ಹೇಳ್ತಿದ್ದೀಯ ಎಂದು ವಾದಕ್ಕೇ ನಿಂತ. ಅವಳು ಆ ಗಳಿಗೆಯನ್ನು ಅವನಿಗೆ ಚೂರು ಚೂರಾಗಿ ಹಿಂತಿರುಗಿಸಬೇಕಾಯಿತು. ನೀನು ಬಾಗಿಲಾಚೆ ನಿಂತಿದ್ದೆ. ಎರಡೂ ಕೈಯಲ್ಲಿ ಬಕೆಟ್ ಇತ್ತು. ಬಸ್ಸು ಕೊಳದಲ್ಲಿ ನಿಂತಿದೆಯಾ ಅಂದೆ. ಕೊಳದಲ್ಲಿ ನಿಂತ ಬಸ್ಸಿಗೂ ನಿನ್ನಂಥ ಮೀನು ಹತ್ತುತ್ತೆ ಅಂದರು ಕಂಡಕ್ಟರಮ್ಮ. ನೀನು ನಗ್ತಾ ಬಕೆಟ್ ಕೆಳಗಿಟ್ಟು ಹೋದೆ. ಹೋಗುವಾಗ ನಿನ್ನ ಬೆನ್ನು ಕಂಡವಳು ನಾನು.

ಮೀನಿನ ಮಾತಿಗೆ ಅವನ ಮುಖ ಬದಲಾಯಿತು. ಸೌದೆಯ ಕೊರಡಿನ ಮೇಲೆ ಕೂತುಕೊಂಡ.

"ಹಾಗಾದ್ರೆ ನಾನು ಅಲ್ಲಿ ಹೋಗಿ ಅತ್ತದ್ದು?" ಎಂದ.

"ಅದು ನನ್ನ ಅಳು ಅಣ್ಣ."

ಅವನಿಗೆ ಸಿಟ್ಟು ನಿಧಾನಕ್ಕೆ ಬಂತು. ಬಂದಮೇಲೆ ಬೇಗ ಹೋಗಲಿಲ್ಲ. ಅಡುಗೆಮನೆಯವರು ಕೆಲವು ದಿನಗಳಿಂದ ತನಗೆ ತಟ್ಟೆ ತಳ್ಳುವ ರೀತಿಯೇ ಬೇರೆಯಾಗಿದೆ ಎಂದ. ಬಟ್ಟೆ ಒಗೆಯುವವರು ಮಕ್ಕಳಿಗೆ, ಆ ಸುಡೋ ಮಾವನ ಹತ್ತಿರ ಹೋಗಬೇಡಿ ಅಂತಾರೆ ಎಂದ. ಗೇಟಿನ ಕಾವಲುಗಾರ ದಾರಿಹೋಕರಿಗೂ ಹೇಳಿದ್ದಾನೆ. ಮೇಡಂಗೆ ಹೇಳಿದ್ದರಿಂದ ಕೆಲಸ ಉಳಿಯುತ್ತದೆ, ಸರಿ. ಹೆಸರು?

"ನಡಿ," ಎಂದ. "ಎಲ್ಲರಿಗೂ ಹೇಳು. ಸಾಕ್ಷಿ ಹೇಳಿದ ಹಾಗೆ ಸುತ್ತಿ ಬಳಸಿ ಬೇಡ. ನೀರು, ಕೈ, ಬಕೆಟ್ಟು, ಅಷ್ಟು ಹೇಳು."

ಅವನು ಮುಂದೆ, ಅವಳು ಹಿಂದೆ. ಅಡುಗೆಮನೆಯಲ್ಲಿ ಕೇಳಿದವರಲ್ಲೊಬ್ಬಳು ತಮಾಷೆಯೆಂದುಕೊಂಡು ನಕ್ಕಳು, ಆಮೇಲೆ ನಗು ನಿಂತಿತು. ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಯಾರೂ ತಲೆಯೆತ್ತಲಿಲ್ಲ, ಬಡಿಯುವ ಸದ್ದು ಮಾತ್ರ ನಿಂತುಹೋಯಿತು. ನನ್ನ ಕೋಣೆಗೆ ಬಂದಾಗ ಅವಳ ಸ್ವರ ಸವೆದಿತ್ತು. ಬಾಗಿಲಲ್ಲಿ ನಿಂತು ಅದೇ ನಾಲ್ಕು ಮಾತು ಹೇಳಿದಳು. ಅವನು ಅವಳ ಹಿಂದೆ ಕೈಕಟ್ಟಿ ನಿಂತಿದ್ದ, ಕಣ್ಣು ಕೆಂಪಾಗಿತ್ತು. ನಾನು ಯಂತ್ರ ನಿಲ್ಲಿಸಿ ಕೇಳಿದೆ. ಕೂತ್ಕೋ ಅಕ್ಕ ಎಂದೆ. ಅವಳು ಕೂರಲಿಲ್ಲ. ಇನ್ನೂ ಗೇಟಿಗೆ ಹೋಗಬೇಕು ಎಂದಳು.

"ಗೇಟಿನವನಿಗೆ ಹೇಳದಿದ್ರೆ ಏನೂ ಹೇಳಿದ ಹಾಗಲ್ಲ," ಎಂದ ಬೆಂಕಿಯಣ್ಣ. "ಅವನು ನಮ್ಮ ಊರಿನ ರೇಡಿಯೋ."

ಬುಧವಾರದ ಕೂಟದಲ್ಲಿ ಅವಳು ಮತ್ತೆ ಎದ್ದು ನಿಂತದ್ದು ಅವನು ಹೇಳಿ ಅಲ್ಲ. ಅವತ್ತಿನ ಮಾತಿಗೆ ಯಾರೂ ಆಮೆನ್ ಅನ್ನಲಿಲ್ಲ. ಅಯ್ಯನವರು ಕೆಮ್ಮಿ ಒಂದು ಹಾಡು ಎತ್ತಿಕೊಂಡರು, ಅದೂ ಸ್ವರ ತಪ್ಪಿತು. ಮನೆಗೆ ಹೋಗುವ ದಾರಿಯಲ್ಲಿ ಗಂಡ, ಇನ್ನು ಮೇಲೆ ಅಂಗಡಿಯ ನೀರು ನಾನೇ ಕಾಯಿಸಿಕೊಳ್ಳುತ್ತೇನೆ ಎಂದನಂತೆ. ಅವಳ ಕೈಯನ್ನು ಅವನು ಮತ್ತೆ ಯಾವ ಗಿರಾಕಿಗೂ ತೋರಿಸಲಿಲ್ಲ.

ಬೆಂಕಿಯಣ್ಣನ ಕೆಲಸವೂ ಕೋಣೆಯೂ ಉಳಿದವು. ಮೇಡಂ ಅವನನ್ನು ಕರೆಸಿ ತಪ್ಪಾಯಿತೆಂದು ಹೇಳಿದರು. ಅವರೂ ನಿಂತೇ ಹೇಳಿದರು ಎಂದು ಕೇಳಿದೆ. ನೀರಕ್ಕನಿಗೆ ಕೆಲಸ ಸಿಕ್ಕಿತು, ಬೂದಿ ಹೊರುವುದು, ಒದ್ದೆ ಹಾಸು ಹರಡುವುದು, ಯಾವ ರೋಗಿಯ ಮೈಯನ್ನೂ ಮುಟ್ಟದ ಕೆಲಸ. ಸ್ನಾನದ ಕೋಣೆಗೆ ಬೇರೊಬ್ಬಳು ಬಂದಳು. ಗೋಡೆಯಾಚೆ ಈಗ ಅವಳ ಸ್ವರ. ಅದು ಕೇಳಿಸಿದಾಗೆಲ್ಲ ನೀರಕ್ಕ ನನ್ನ ಕೋಣೆಯಿಂದ ಎದ್ದುಹೋಗುತ್ತಿದ್ದಳು. ಹಾಸುಗಳು ಅರ್ಧ ಮಡಿಸಿದಂತೆಯೇ ಬಿದ್ದಿರುತ್ತಿದ್ದವು.

ಕಂಡಕ್ಟರಮ್ಮ ಅವಳೊಡನೆ ಮಾತಾಡಿರಲಿಲ್ಲ. ನೀರಕ್ಕ ಒಗೆದ ಟವೆಲುಗಳನ್ನು ತಂದು ಅವರ ವಾರ್ಡಿನ ಬಾಗಿಲ ಹೊರಗಿನ ಮೇಜಿನ ಮೇಲಿಟ್ಟು, ಒಳಗೆ ಕಣ್ಣು ಹಾಯಿಸದೆ ಹೊರಡುವಳು. ಒಂದು ಮಧ್ಯಾಹ್ನ ಹಾಗೆ ಇಟ್ಟು ತಿರುಗುವಾಗ ಒಳಗಿಂದ ಕೂಗು ಬಂತು. ನನ್ನ ಕೋಣೆಗೂ ಕೇಳಿಸಿತು.

"ಏಯ್. ಬಾ ಇಲ್ಲಿ."

ಕಂಡಕ್ಟರಮ್ಮ ಗಾಲಿಕುರ್ಚಿಯಲ್ಲಿ ಕೂತಿದ್ದರು, ತಲೆ ಬಾಚಿಸಿಕೊಂಡು, ಮೈತುಂಬ ಶಾಲು ಹೊದ್ದು. ಬಾಯ್ಲರ್ ಮನೆಗೆ ಹೋಗಬೇಕು ಎಂದರು. ನೀರಕ್ಕ ಯಾರನ್ನಾದರೂ ಕರೆಯುತ್ತೇನೆಂದು ಹೊರಟಳು.

"ಕಾಲು ಮುಟ್ಟಬೇಡ ಅಂದೆ. ಕುರ್ಚಿ ತಳ್ಳಬೇಡ ಅಂದೆನಾ?" ಎಂದರು ಅವರು. "ತಳ್ಳು."

ನಾನು ಕಿಟಕಿಯಿಂದ ನೋಡಿದೆ. ಇಳಿಜಾರಿನಲ್ಲಿ ಕುರ್ಚಿ ಮುಂದೆ ಓಡದಂತೆ ಅವಳು ಹಿಂದಕ್ಕೆ ಬಾಗಿ ಹಿಡಿದು ಹೆಜ್ಜೆ ಹೆಜ್ಜೆಯಾಗಿ ಇಳಿಸಿದಳು. ಬಾಯ್ಲರ್ ಮನೆಯ ಹೊಸ್ತಿಲು ಎತ್ತರ, ಕುರ್ಚಿ ದಾಟುವಂತಿರಲಿಲ್ಲ. ಕಂಡಕ್ಟರಮ್ಮ ಹೊರಗಿನಿಂದಲೇ ಸ್ವರ ಎತ್ತಿದರು. ಆರೈಕೆಯ ಮನೆಯ ಎಲ್ಲ ಕಿಟಕಿಗಳಿಗೂ ಕೇಳಲೆಂದೇ ಎತ್ತಿದರೇನೋ.

"ಬೆಂಕಿಯಣ್ಣ, ಹೊರಗೆ ಬಾ. ನಿಂಗೆ ಕೊಟ್ಟಿದ್ದೆಲ್ಲ ವಾಪಸ್ ತಗೊಳ್ಳೋಕೆ ಬಂದಿದ್ದೀನಿ. ನಿಮ್ಮಪ್ಪಂಗೆ ಅಂದದ್ದು, ನಿಮ್ಮಮ್ಮಂಗೆ ಅಂದದ್ದು, ಎಲ್ಲ."

ಅವನು ಬೂದಿಯ ಕೈಯಲ್ಲೇ ಬಂದು ನಿಂತ. ಏನು ಮಾಡಬೇಕೆಂದು ತಿಳಿಯದೆ, ಇರಲಿ ಬಿಡಿ ಅಮ್ಮ, ಇರಲಿ ಬಿಡಿ ಎಂದ. ಇರಲಿ ಅನ್ನಬೇಡ, ತಗೊಂಡೆ ಅನ್ನು ಎಂದರು ಅವರು. ಅವನು ತಗೊಂಡೆ ಎಂದ. ಆಮೇಲೆ ಅವನ ಕಣ್ಣು ಕುರ್ಚಿಯ ಹಿಂದೆ ನಿಂತವಳ ಕಡೆ ಹೋಯಿತು. ಅಲ್ಲೇ ಒಂದಿಷ್ಟು ಹೊತ್ತು ನಿಂತಿತು. ಅವಳು ಕುರ್ಚಿಯ ಹಿಡಿಗಳನ್ನು ಬಿಗಿಯಾಗಿ ಹಿಡಿದು, ತಲೆ ತಗ್ಗಿಸದೆ, ಅವನ ಮುಖವನ್ನೇ ನೋಡುತ್ತಾ ನಿಂತಿದ್ದಳು. ಅಷ್ಟು ಹೊತ್ತು ಅವಳು ಅಲುಗದೆ ನಿಂತದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ.

ಹಿಂತಿರುಗುವಾಗ ಏರು. ಒಬ್ಬಳಿಂದ ಆಗುವಂತಿರಲಿಲ್ಲ. ಅರ್ಧ ದಾರಿಯಲ್ಲಿ ಚಕ್ರ ಹಿಂದಕ್ಕೆ ಜಾರತೊಡಗಿತು. ಕಂಡಕ್ಟರಮ್ಮ ತಿರುಗಿ ನೋಡಲಿಲ್ಲ, ಏನಾದರೂ ಒಂದು ಮಾಡು ಎಂದು ಗದರಿದರು. ನೀರಕ್ಕ ಮೊದಲ ಸಲ ಸಹಾಯಕ್ಕೆ ಕೂಗಿದಳು. ಬೆಂಕಿಯಣ್ಣ ಕೆಳಗಿಂದ ಬಂದು ಒಂದು ಹಿಡಿಗೆ ಕೈ ಹಾಕಿದ, ಅವಳ ಕಡೆ ನೋಡದೆ. ಇಬ್ಬರೂ ಸೇರಿ ಕುರ್ಚಿಯನ್ನು ಮೇಲಕ್ಕೆ ತಳ್ಳಿದರು.